ಜೇಬಿನಲ್ಲಿ ಇನ್ಹೇಲರ್, ಮನೆಯಲ್ಲಿ ಸ್ಪೇಸರ್

ಅಸ್ತಮಾ ಇರುವವರು ಊರಿಗೆ ಹೊರಟಾಗ ಇನ್ಹೇಲರ್ ಮರೆಯುವುದು ಅಪರೂಪ. ಅದು ಜೇಬಿಗೋ ವ್ಯಾನಿಟಿ ಬ್ಯಾಗಿಗೋ ಸೇರಿಕೊಳ್ಳುತ್ತದೆ. ಮನೆಯಲ್ಲೇ ಉಳಿದುಬಿಡುವುದು ಸ್ಪೇಸರ್. ಕೊಳವೆಯಂತಹ ಆ ಪ್ಲಾಸ್ಟಿಕ್ ಡಬ್ಬಿಗೆ ಚೀಲದಲ್ಲಿ ಜಾಗ ಬೇಕು. ನಾಲ್ಕು ಜನರ ಮುಂದೆ ಬಾಯಿಗಿಡಲು ಸಂಕೋಚವೂ ಆಗುತ್ತದೆ. ಜೊತೆಗಿರಬೇಕಾದ ಈ ಎರಡು ವಸ್ತುಗಳು ಹೀಗೆ ದೂರವಾಗಿರುವುದಕ್ಕೆ ಅವು ಹುಟ್ಟಿದ ರೀತಿಯೇ ಕಾರಣ.

ಇನ್ಹೇಲರ್ ಹುಟ್ಟಿದ್ದೇ ಹೊರಗೆ ಒಯ್ಯಲೆಂದು. ಅದಕ್ಕೂ ಮುಂಚೆ ಉಬ್ಬಸದವರ ಕೈಯಲ್ಲಿದ್ದುದು ರಬ್ಬರ್ ಬುರುಡೆಯನ್ನು ಹಿಚುಕಿ ಬಳಸುವ ಗಾಜಿನ ನೆಬ್ಯುಲೈಸರ್. ಕೈಜಾರಿದರೆ ಒಡೆಯುತ್ತಿತ್ತು, ಡೋಸ್ ಪ್ರತಿ ಸಲ ಒಂದೇ ಆಗಿರುತ್ತಿರಲಿಲ್ಲ. 1955ರಲ್ಲಿ ಅಮೆರಿಕದ ರೈಕರ್ ಲ್ಯಾಬೊರೇಟರೀಸ್‌ನ ಅಧ್ಯಕ್ಷ ಜಾರ್ಜ್ ಮೇಸನ್ ಅವರನ್ನು ಅಸ್ತಮಾ ಇದ್ದ 13 ವರ್ಷದ ಮಗಳು ಕೇಳಿದಳು: ಹೇರ್ ಸ್ಪ್ರೇ ಬರುವ ಹಾಗೆ ನನ್ನ ಔಷಧಿಯೂ ಡಬ್ಬಿಯಲ್ಲಿ ಯಾಕೆ ಬರಬಾರದು? ಕಂಪನಿಯವರು ಅತ್ತರಿಗಾಗಿ ರೂಪಿಸಿದ್ದ ಕವಾಟವೊಂದನ್ನು ಬಳಸಿಕೊಂಡರು. ಒಂದು ಒತ್ತಿಗೆ ಅದು ಬಿಡುತ್ತಿದ್ದುದು 50 ಮೈಕ್ರೋಲೀಟರ್ ಮಾತ್ರ. 1956ರ ಮಾರ್ಚ್‌ನಲ್ಲಿ ‘ಮೆಡಿಹೇಲರ್’ ಮಾರಾಟಕ್ಕೆ ಬಂತು.

ಡಬ್ಬಿ ಜೇಬಿಗೆ ಬಂತು, ತೊಡಕೂ ಬಂತು. ಔಷಧಿ ರಭಸವಾಗಿ ಚಿಮ್ಮುತ್ತದೆ. ಒತ್ತುವುದೂ ಉಸಿರೆಳೆಯುವುದೂ ಒಂದೇ ಗಳಿಗೆಯಲ್ಲಿ ಆಗಬೇಕು. ಚಿಕ್ಕ ಮಕ್ಕಳಿಗೆ ಇದು ಸಾಧ್ಯವಿಲ್ಲ. ಉಬ್ಬಸ ಏರಿದಾಗ ದೊಡ್ಡವರಿಗೂ ಕಷ್ಟ. ಔಷಧಿಯ ಹೆಚ್ಚಿನ ಪಾಲು ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. 1972ರಿಂದ ಸ್ಟೀರಾಯ್ಡ್ ಇನ್ಹೇಲರ್‌ಗಳು ಬಂದ ಮೇಲೆ ಗಂಟಲಲ್ಲಿ ಉಳಿದ ಔಷಧಿಯಿಂದ ಬಾಯಲ್ಲಿ ಫಂಗಸ್, ಧ್ವನಿ ಒಡೆಯುವುದು ಶುರುವಾಯಿತು.

ಇದಕ್ಕೆ ಸಿಕ್ಕ ಪರಿಹಾರ ತೀರಾ ಸರಳ: ಡಬ್ಬಿಗೂ ಬಾಯಿಗೂ ನಡುವೆ ಒಂದಿಷ್ಟು ತೆರಪು. ಆ ತೆರಪಿನಲ್ಲಿ ರಭಸ ಇಳಿಯುತ್ತದೆ, ದಪ್ಪ ಹನಿಗಳು ಗೋಡೆಗೆ ಅಂಟುತ್ತವೆ, ಸಣ್ಣ ಹನಿಗಳು ಉಸಿರಿಗಾಗಿ ಕೆಲವು ಕ್ಷಣ ಕಾಯುತ್ತವೆ. ಆದರೆ ನೆಬುಹೇಲರ್, ವಾಲ್ಯುಮ್ಯಾಟಿಕ್ ಎಂಬ ಸ್ಪೇಸರ್‌ಗಳು 750 ಮಿಲಿಲೀಟರಿನವು, ಸೋರೆ ಬುರುಡೆಯಷ್ಟು ದೊಡ್ಡವು. ಬಾಲಕಿಯೊಬ್ಬಳ ಪ್ರಶ್ನೆಯಿಂದ ಜೇಬಿಗಿಳಿದಿದ್ದ ಔಷಧಿ ಮತ್ತೆ ಮನೆಯ ಕಪಾಟು ಸೇರಿತು. 1980ರ ದಶಕದಲ್ಲಿ ಕೆನಡಾದ ಏರೋಚೇಂಬರ್ ಈ ತೆರಪನ್ನು ಸುಮಾರು 150 ಮಿಲಿಲೀಟರಿಗೆ ಇಳಿಸಿತು. ಒಳಗಿನ ಕವಾಟ ಉಸಿರು ಹಿಂದಕ್ಕೆ ಹೋಗದಂತೆ ತಡೆಯುತ್ತಿತ್ತು. ಸ್ಪೇಸರ್ ಚೀಲದಲ್ಲಿ ಹಿಡಿಸತೊಡಗಿದ್ದು ಹೀಗೆ.

ಗಾತ್ರದ ತೊಡಕು ಕಳೆದರೂ ಬೆಲೆಯದು ಉಳಿಯಿತು. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಮಕ್ಕಳ ವೈದ್ಯೆ ಹೆದರ್ ಜಾರ್ ಮತ್ತು ಸಂಗಡಿಗರು 500 ಮಿಲಿಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿಯ ಬುಡಕ್ಕೆ ಇನ್ಹೇಲರ್ ಬಾಯಿಯ ಅಳತೆಗೆ ತೂತು ಮಾಡಿ, ಉಬ್ಬಸ ಏರಿದ್ದ ಮಕ್ಕಳಿಗೆ ಅದರಿಂದ ಔಷಧಿ ಕೊಟ್ಟು ನೋಡಿದರು. ಬಾಟಲಿ, ಅಂಗಡಿಯ ಸ್ಪೇಸರಿನಷ್ಟೇ ಚೆನ್ನಾಗಿ ಕೆಲಸ ಮಾಡಿತು. ಥರ್ಮಾಕೋಲ್ ಲೋಟ ಮಾತ್ರ ಹಿಂದುಳಿಯಿತು. 1999ರಲ್ಲಿ ‘ದಿ ಲ್ಯಾನ್ಸೆಟ್’ ಇದನ್ನು ಪ್ರಕಟಿಸಿತು.

ರೈಲಿನಲ್ಲಿ ರಾತ್ರಿ ಉಬ್ಬಸ ಏರಿ, ಸ್ಪೇಸರ್ ಮನೆಯಲ್ಲೇ ಉಳಿದಿದ್ದರೆ, ಕುಡಿದಿಟ್ಟ ನೀರಿನ ಬಾಟಲಿಯೇ ಆ ಹೊತ್ತಿಗೆ ಆದೀತು ಎಂಬುದು ಆ ಪ್ರಯೋಗದ ಬಲದಿಂದ ಬಂದ ಧೈರ್ಯ. ಆದರೆ ದಿನವೂ ಬಳಸಲು ಸ್ಪೇಸರೇ ಸರಿ. ಅದನ್ನು ಸೋಪಿನ ನೀರಲ್ಲಿ ತೊಳೆದು, ಒರೆಸದೆ ಗಾಳಿಗೆ ಒಣಗಿಸಬೇಕು. ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತು ಔಷಧಿಯನ್ನು ಗೋಡೆಗೇ ಎಳೆದುಕೊಳ್ಳುತ್ತದೆ. ಒಣಗಿದ ಮೇಲೆ ಅದರ ಜಾಗ ಕಪಾಟಲ್ಲ, ಹೊರಡುವ ಚೀಲ.