ಅಣುಗಳ ಸುರುಳಿ ಮಡಿಕೆ

ಸುರುಳಿ ಮಡಿಕೆ ಎಂದರೆ ಉದ್ದನೆಯ ಸರಪಳಿಯಂತಹ ಅಣುವೊಂದು ತನ್ನ ಘಟಕಗಳ ನಡುವಿನ ಆಕರ್ಷಣೆಗೂ ಸ್ಥಳದ ಮಿತಿಗೂ ಅನುಗುಣವಾಗಿ ತಾನಾಗಿಯೇ ತಿರುಚಿಕೊಂಡು ಸುರುಳಿ ಅಥವಾ ಹೆಲಿಕ್ಸ್ ಆಕಾರವನ್ನು ತಳೆಯುವ ಕ್ರಿಯೆ. ಉಣ್ಣೆಯ ಕೆರಾಟಿನ್, ಮೂಳೆ ಮತ್ತು ಚರ್ಮದ ಕೊಲಾಜೆನ್ ಇದಕ್ಕೆ ನಿಸರ್ಗದಲ್ಲಿನ ಉದಾಹರಣೆಗಳು. ಪ್ರಯೋಗಾಲಯದಲ್ಲಿ ತಯಾರಿಸಿದ ಅನೇಕ ಅಣುಗಳೂ ಹೀಗೆಯೇ ಮಡಿಚಿಕೊಳ್ಳುತ್ತವೆ. ಈ ಕ್ಷೇತ್ರದ ಕೆಲವು ಮೂಲಭೂತ ಸಂಶೋಧನೆಗಳು ಮದರಾಸು ಮತ್ತು ಬೆಂಗಳೂರಿನಲ್ಲಿ ನಡೆದಿವೆ.

ರಚನೆಯ ತತ್ತ್ವ

ಪ್ರೋಟೀನು ಅಮೈನೊ ಆಮ್ಲಗಳ ಸರಪಳಿ. ಪ್ರತಿಯೊಂದು ಘಟಕವೂ ತನ್ನ ಹಿಂದಿನದಕ್ಕೆ ಹೋಲಿಸಿದಾಗ ಒಂದೇ ಪ್ರಮಾಣದಲ್ಲಿ ತಿರುಗುತ್ತ ಹೋದರೆ ಇಡೀ ಸರಪಳಿ ಸುರುಳಿಯಾಗುತ್ತದೆ. 1951ರಲ್ಲಿ ಲೈನಸ್ ಪೌಲಿಂಗ್, ರಾಬರ್ಟ್ ಕೋರಿ ಮತ್ತು ಹರ್ಮನ್ ಬ್ರಾನ್ಸನ್ ವಿವರಿಸಿದ ಆಲ್ಫಾ ಸುರುಳಿಯಲ್ಲಿ ಒಂದು ಸುತ್ತಿಗೆ 3.6 ಅಮೈನೊ ಆಮ್ಲಗಳಿದ್ದು, ಸುತ್ತಿನ ಎತ್ತರ 0.54 ನ್ಯಾನೊಮೀಟರ್. ಒಂದು ಘಟಕದ ಆಮ್ಲಜನಕವು ನಾಲ್ಕು ಸ್ಥಾನ ಮುಂದಿರುವ ಘಟಕದ ಜಲಜನಕವನ್ನು ಸೆಳೆದುಕೊಳ್ಳುತ್ತದೆ. ಇಂತಹ ಒಂದೊಂದು ಜಲಜನಕ ಬಂಧವೂ ದುರ್ಬಲವೇ. ಸಾಲಾಗಿ ಸೇರಿದಾಗ ಸುರುಳಿಗೆ ಭದ್ರತೆ ದೊರೆಯುತ್ತದೆ.

ಉಣ್ಣೆ, ರೇಷ್ಮೆ ಮತ್ತು ಕಡಲೆಕಾಯಿ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಒಣನೆಲದಲ್ಲಿ ಕುರಿ ಸಾಕಣೆ ಹಳೆಯ ಕಸುಬು. ಕಂಬಳಿಗೆ ಬಳಸುವ ಉಣ್ಣೆಯ ಕೆರಾಟಿನ್‌ನಲ್ಲಿ ಎರಡೆರಡು ಆಲ್ಫಾ ಸುರುಳಿಗಳು ಹಗ್ಗದ ಎಳೆಗಳಂತೆ ಪರಸ್ಪರ ಹೆಣೆದುಕೊಂಡಿರುತ್ತವೆ. ಒದ್ದೆಯಾದ ಉಣ್ಣೆಯ ಎಳೆಯನ್ನು ಎಳೆದರೆ ಸುರುಳಿಗಳು ಬಿಚ್ಚಿಕೊಂಡು ಎಳೆ ಉದ್ದವಾಗುತ್ತದೆ. ಬಿಟ್ಟಾಗ ಸರಪಳಿಗಳ ನಡುವಿನ ಗಂಧಕದ ಬಂಧಗಳು ಅದನ್ನು ಹಿಂದಕ್ಕೆ ತರಲು ನೆರವಾಗುತ್ತವೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಲಿಯಂ ಆಸ್ಟ್‌ಬರಿ 1930ರ ದಶಕದಲ್ಲಿ ಈ ಬದಲಾವಣೆಯನ್ನು ಎಕ್ಸ್-ಕಿರಣಗಳ ಮೂಲಕ ಗುರುತಿಸಿದರು.

ಎಲ್ಲ ಪ್ರೋಟೀನುಗಳೂ ಸುರುಳಿಯಾಗುವುದಿಲ್ಲ. ರೇಷ್ಮೆಯ ಸರಪಳಿಗಳು ಬಹುಮಟ್ಟಿಗೆ ಚಾಚಿಕೊಂಡು ಹಾಳೆಗಳಂತೆ ಜೋಡಿಸಲ್ಪಟ್ಟಿರುವುದರಿಂದ ರೇಷ್ಮೆ ಉಣ್ಣೆಯಷ್ಟು ಹಿಗ್ಗದು. ಈ ಭಾಗದ ಮುಖ್ಯ ಬೆಳೆಯಾದ ಕಡಲೆಕಾಯಿಯಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನಿನಲ್ಲಿಯೂ ಹಾಳೆಯ ರಚನೆಯೇ ಪ್ರಧಾನ. ಅದರ ರಚನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಅವರ ತಂಡ 1994ರಲ್ಲಿ ಪ್ರಕಟಿಸಿತು.

ಕೊಲಾಜೆನ್

ಮದರಾಸು ವಿಶ್ವವಿದ್ಯಾಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ 1954–55ರಲ್ಲಿ ಕೊಲಾಜೆನ್ ಮೂರು ಎಳೆಗಳ ಸುರುಳಿಯೆಂದು ತೋರಿಸಿದರು. ಇದರಲ್ಲಿ ಪ್ರತಿ ಮೂರನೆಯ ಸ್ಥಾನದಲ್ಲಿ ಅತ್ಯಂತ ಚಿಕ್ಕ ಅಮೈನೊ ಆಮ್ಲವಾದ ಗ್ಲೈಸಿನ್ ಇರಲೇಬೇಕು. ಸುರುಳಿಯ ಒಳಭಾಗದಲ್ಲಿ ಬೇರೆ ಯಾವುದಕ್ಕೂ ಸ್ಥಳವಿಲ್ಲ. ಒಂದು ಗ್ಲೈಸಿನ್‌ನ ಜಾಗಕ್ಕೆ ಬೇರೊಂದು ಅಮೈನೊ ಆಮ್ಲ ಬಂದರೂ ಮಡಿಕೆ ಕೆಟ್ಟು, ಮೂಳೆಗಳು ಸುಲಭವಾಗಿ ಮುರಿಯುವ ಆನುವಂಶಿಕ ಕಾಯಿಲೆ ಉಂಟಾಗಬಹುದು. ಸಿ ಜೀವಸತ್ವದ ಕೊರತೆಯಾದಾಗ ಈ ಸುರುಳಿಗೆ ಸ್ಥಿರತೆ ನೀಡುವ ಹೈಡ್ರಾಕ್ಸಿಪ್ರೋಲಿನ್ ಸಾಕಷ್ಟು ಉಂಟಾಗುವುದಿಲ್ಲ. ಒಸಡಿನಲ್ಲಿ ರಕ್ತ ಒಸರುವ ಸ್ಕರ್ವಿ ರೋಗಕ್ಕೆ ಇದೇ ಮೂಲ.

ಬೆಂಗಳೂರಿನ ಕೊಡುಗೆ

ರಾಮಚಂದ್ರನ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದರು. 1963ರಲ್ಲಿ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಂದಿಗೆ ಪ್ರಕಟಿಸಿದ ‘ರಾಮಚಂದ್ರನ್ ನಕ್ಷೆ’ಯು ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವುವುಗಳಲ್ಲಿ ಪರಮಾಣುಗಳು ಒಂದಕ್ಕೊಂದು ತಾಗುತ್ತವೆ ಎಂಬುದನ್ನು ತಿಳಿಸುತ್ತದೆ. ಮುಂದೆ ಅವರು ಬೆಂಗಳೂರಿಗೆ ಮರಳಿ ಸಂಸ್ಥೆಯ ಅಣು ಜೀವಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. ಅದೇ ವಿಭಾಗದ ಪಿ. ಬಲರಾಮ್, ಅಮೈನೊಐಸೊಬ್ಯುಟಿರಿಕ್ ಆಮ್ಲವನ್ನು ಸೇರಿಸಿದ ಕಿರು ಸರಪಳಿಗಳು ಹೇಗೆ ಸುರುಳಿಯಾಗುತ್ತವೆಂದು ದಶಕಗಳ ಕಾಲ ಅಧ್ಯಯನ ಮಾಡಿದರು. ಈ ಆಮ್ಲದಲ್ಲಿರುವ ಹೆಚ್ಚುವರಿ ಮೀಥೈಲ್ ಗುಂಪು ಸರಪಳಿಯ ತಿರುಗುವಿಕೆಯನ್ನು ನಿರ್ಬಂಧಿಸುತ್ತದೆ.

ಸಂಶ್ಲೇಷಿತ ಅಣುಗಳು

ನೇಯ್ದ ಪ್ಲಾಸ್ಟಿಕ್ ಚೀಲಗಳಿಗೆ ಬಳಸುವ ಪಾಲಿಪ್ರೊಪಿಲೀನ್‌ನ ಸ್ಫಟಿಕ ಭಾಗದಲ್ಲಿ ಒಂದು ಸುತ್ತಿಗೆ ಮೂರು ಘಟಕಗಳ ಸುರುಳಿಯಿದೆ. 1990ರ ದಶಕದಲ್ಲಿ ಸ್ಯಾಮುಯೆಲ್ ಗೆಲ್‌ಮನ್ ಮತ್ತು ಡೀಟರ್ ಸೀಬಾಖ್ ಅವರ ತಂಡಗಳು ನಿಸರ್ಗದ ಪ್ರೋಟೀನುಗಳಲ್ಲಿಲ್ಲದ ಬೀಟಾ ಅಮೈನೊ ಆಮ್ಲಗಳಿಂದಲೂ ಸುರುಳಿಗಳನ್ನು ಪಡೆದವು. ಹೀಗೆ ನಿಶ್ಚಿತ ಆಕಾರಕ್ಕೆ ಮಡಿಚಿಕೊಳ್ಳುವ ಅಣುಗಳಿಗೆ ಫೋಲ್ಡಮರ್ ಎಂಬ ಹೆಸರಿದೆ. ದೇಹದ ಕಿಣ್ವಗಳು ಬೀಟಾ ಸರಪಳಿಗಳನ್ನು ಸುಲಭವಾಗಿ ಕತ್ತರಿಸಲಾರವು. ಆದುದರಿಂದ ಇವುಗಳನ್ನು ಔಷಧಿಗಳಾಗಿ ಬಳಸುವ ಬಗ್ಗೆ ಸಂಶೋಧನೆ ನಡೆದಿದೆ.