ಕಾರಿಗೆ ಕೊಕ್ಕೆ ಹಾಕಿಸುವ ಮುನ್ನ: ಎಷ್ಟು ಎಳೆಯಬಹುದು, ಕಾರಿನ ಮ್ಯಾಪ್ ಎಷ್ಟು ನಂಬಬಹುದು?

ಅಡಿಕೆ ಕೊಯ್ಲು, ಮದುವೆ, ಜಾತ್ರೆ ಸೀಸನ್ ಬಂತೆಂದರೆ ಮಲೆನಾಡಿನ ತಾಲ್ಲೂಕುಗಳಲ್ಲಿ ಮನೆಯ ಕಾರೇ ಲಗೇಜ್ ಗಾಡಿಯಾಗುತ್ತದೆ. ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಮೇಲೆ ಕ್ಯಾರಿಯರ್, ಒಳಗೆ ಐದಾರು ಜನ. ಇದರ ಜೊತೆಗೆ ಹಿಂದೆ ಒಂದು ಕೊಕ್ಕೆ ವೆಲ್ಡ್ ಮಾಡಿಸಿ ಸಣ್ಣ ಟ್ರೈಲರ್ ಎಳೆಯಬಹುದಾ ಎಂದು ಗ್ಯಾರೇಜುಗಳಲ್ಲಿ ವಿಚಾರಿಸುವವರೂ ಇದ್ದಾರೆ. ಇನ್ನೊಂದು ಕಡೆ, ಹೊಸ ಕಾರಿನ ಪರದೆಯಲ್ಲಿರುವ ಮ್ಯಾಪ್ ಹೇಳಿದ ದಾರಿಯನ್ನೇ ಹಿಡಿದು ತೋಟದೊಳಗೆ ಸಿಕ್ಕಿಕೊಂಡು, ಕಡೆಗೆ ಟ್ರ್ಯಾಕ್ಟರ್ ಕರೆಸಿ ಎಳೆಸಿಕೊಳ್ಳುವವರೂ ಉಂಟು. ಎರಡೂ ವಿಷಯದಲ್ಲಿ ಮೊದಲೇ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಮೊದಲು ತೂಕದ ಲೆಕ್ಕ

ಪ್ರತಿ ಕಾರಿಗೂ ಎರಡು ತೂಕ ಇರುತ್ತದೆ. ಜನ, ಲಗೇಜ್ ಇಲ್ಲದೆ ಕಾರಿನದ್ದೇ ತೂಕ ಒಂದು. ಇದಕ್ಕೆ ಕರ್ಬ್ ವೇಟ್ ಅನ್ನುತ್ತಾರೆ. ಜನ, ಸಾಮಾನು ಎಲ್ಲ ಸೇರಿ ಕಾರು ಗರಿಷ್ಠ ಎಷ್ಟು ತೂಗಬಹುದು ಎಂದು ಕಂಪನಿ ನಿಗದಿ ಮಾಡಿದ್ದು ಇನ್ನೊಂದು. ಅದು ಗ್ರಾಸ್ ವೇಟ್. ಕಾರಿನ ಜೊತೆ ಕೊಟ್ಟ ಕೈಪಿಡಿಯಲ್ಲಿ ಇವು ಸಿಗುತ್ತವೆ. ಖಾಲಿ ಗಾಡಿಯ ತೂಕ ಆರ್‌ಸಿಯಲ್ಲೂ ನಮೂದಾಗಿರುತ್ತದೆ. ಗ್ರಾಸ್ ವೇಟ್‌ನಲ್ಲಿ ಕರ್ಬ್ ವೇಟ್ ಕಳೆದರೆ ಉಳಿಯುವುದೇ ನೀವು ಹೇರಬಹುದಾದ ಭಾರ.

ಉದಾಹರಣೆಗೆ ಒಂದು ಕಾರಿನ ಸ್ವಂತ ತೂಕ 950 ಕೆ.ಜಿ., ಗ್ರಾಸ್ ವೇಟ್ 1,400 ಕೆ.ಜಿ. ಎಂದಿಟ್ಟುಕೊಳ್ಳಿ. ಹೇರಬಹುದಾದ್ದು 450 ಕೆ.ಜಿ. ತಲಾ 65 ಕೆ.ಜಿ.ಯಂತೆ ಐದು ಜನ ಕೂತರೆ 325 ಹೋಯಿತು. ಉಳಿದಿದ್ದು 125. ಅಂದರೆ 50 ಕೆ.ಜಿ.ಯ ಎರಡು ಮೂಟೆ ಹಾಕಿದರೆ ಮುಗಿಯಿತು, ಮೂರನೆಯದಕ್ಕೆ ಜಾಗ ಇದ್ದರೂ ಲೆಕ್ಕದಲ್ಲಿ ಜಾಗ ಇಲ್ಲ. ಮೇಲಿನ ಕ್ಯಾರಿಯರ್‌ಗೆ ಇನ್ನೂ ಕಡಿಮೆ ಮಿತಿ ಪ್ರತ್ಯೇಕವಾಗಿ ಇರುತ್ತದೆ. ಅದೂ ಕೈಪಿಡಿಯಲ್ಲೇ ಇದೆ. ಮೇಲೆ ಭಾರ ಹೆಚ್ಚಿದಷ್ಟೂ ತಿರುವಿನಲ್ಲಿ ಗಾಡಿ ವಾಲುತ್ತದೆ. ತುಂಬಿದ ಗಾಡಿಗೆ ಟೈರಿನ ಗಾಳಿ ಎಷ್ಟಿರಬೇಕು ಎಂಬುದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿ ಇರುತ್ತದೆ. ಅದನ್ನು ನೋಡುವವರು ಕಡಿಮೆ.

ಈ ಲೆಕ್ಕ ಯಾಕೆ ಬೇಕು ಎಂದರೆ ಬ್ರೇಕಿಗೋಸ್ಕರ. ಗಾಡಿ ಹತ್ತಲಿಲ್ಲ ಎಂದರೆ ನಿಲ್ಲುತ್ತದೆ, ಅಷ್ಟೇ. ಇಳಿಯುವಾಗ ನಿಲ್ಲದಿದ್ದರೆ? ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಮಿತಿ ಮೀರಿದ ಭಾರದಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಬ್ರೇಕ್ ಪ್ಯಾಡ್ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು ಎಂದು ಹಳೇ ಬಸ್ ಡ್ರೈವರುಗಳು ಹೇಳುವ ಮಾತು ಕಾರಿಗೂ ಸರಿ.

ಟ್ರೈಲರ್ ಎಳೆಯಬಹುದೇ?

ನೇರ ಉತ್ತರ: ನಮ್ಮಲ್ಲಿ ಓಡುವ ಹೆಚ್ಚಿನ ಸಣ್ಣ ಕಾರುಗಳಿಗೆ, ಬೇಡ. ಭಾರತದಲ್ಲಿ ಮಾರುವ ಹಲವು ಫ್ಯಾಮಿಲಿ ಕಾರುಗಳ ಕೈಪಿಡಿಯಲ್ಲಿ ಈ ವಾಹನವನ್ನು ಟ್ರೈಲರ್ ಎಳೆಯಲು ಬಳಸಬೇಡಿ ಎಂದು ಕಂಪನಿಯೇ ಬರೆದಿರುತ್ತದೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ‘ಟೋಯಿಂಗ್’ ಎಂಬ ಭಾಗ ತೆಗೆದು ನೋಡಿ. ಎಳೆಯಬಹುದಾದ ತೂಕ ಇಷ್ಟು ಎಂದು ಕೆ.ಜಿ. ಲೆಕ್ಕದಲ್ಲಿ ಕೊಟ್ಟಿಲ್ಲವೆಂದರೆ ಆ ಕಾರಿಗೆ ಎಳೆಯುವ ಮಿತಿ ಸೊನ್ನೆ ಎಂದೇ ತಿಳಿದುಕೊಳ್ಳಿ.

ಇಲ್ಲಿ ಯೂಟ್ಯೂಬ್ ನೋಡಿ ಮೋಸ ಹೋಗುವವರಿದ್ದಾರೆ. ಯುರೋಪಿನಲ್ಲಿ ಅದೇ ಹೆಸರಿನ ಕಾರು ಕ್ಯಾರವಾನ್ ಎಳೆಯುತ್ತಿರುತ್ತದೆ. ಅಲ್ಲಿ ಆ ಕಾರಿಗೆ ಕಂಪನಿಯೇ ಪರೀಕ್ಷೆ ಮಾಡಿ ಮಿತಿ ಕೊಟ್ಟಿರುತ್ತದೆ. ಬ್ರೇಕ್ ಇರುವ ಟ್ರೈಲರ್‌ಗೆ ಒಂದು ಮಿತಿ, ಇಲ್ಲದ್ದಕ್ಕೆ ಇನ್ನೊಂದು. ಬ್ರಿಟನ್ನಿನಲ್ಲಿ ಬ್ರೇಕ್ ಇಲ್ಲದ ಟ್ರೈಲರ್ 750 ಕೆ.ಜಿ. ಅಥವಾ ಕಾರಿನ ತೂಕದ ಅರ್ಧ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಇಲ್ಲಿ ಮಾರುವ ಮಾದರಿಯ ಎಂಜಿನ್, ಗೇರ್, ರೇಡಿಯೇಟರ್ ಬೇರೆ ಇರಬಹುದು. ಹೆಸರು ಒಂದೇ ಎಂದ ಮಾತ್ರಕ್ಕೆ ಶಕ್ತಿ ಒಂದೇ ಅಲ್ಲ.

ಕಾನೂನಿನ ಕಡೆಯಿಂದ ನೋಡಿದರೂ ಸುಲಭವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೈಲರ್ ಕೂಡ ‘ಮೋಟಾರು ವಾಹನ’ವೇ. ಹಾಗಾಗಿ ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ ಎರಡು ಚಕ್ರದ ಗಾಡಿಗೆ ಅದು ಸಿಗುವುದು ಕಷ್ಟ. ಅದೇ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ಕಂಪನಿಯ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. ಚಾಸಿಗೆ ಕೊಕ್ಕೆ ವೆಲ್ಡ್ ಮಾಡಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳುವುದು ಲೇಸು.

ಅಂಗಡಿಯವರು ಗಮನಿಸಬೇಕಾದ ಇನ್ನೊಂದು ವಿಷಯ ಇನ್ಶೂರೆನ್ಸ್. ಖಾಸಗಿ ಕಾರಿನ ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಸಾಲುಗಳಿರುತ್ತವೆ. ಬಾಡಿಗೆಗೆ ಓಡಿಸುವುದು, ಸ್ಯಾಂಪಲ್ ಅಥವಾ ಸ್ವಂತ ಲಗೇಜ್ ಬಿಟ್ಟು ಬೇರೆ ಸರಕು ಸಾಗಿಸುವುದು ಅದರಲ್ಲಿ ಸೇರುವುದಿಲ್ಲ. ಅಂದರೆ ಬಿಳಿ ಬೋರ್ಡಿನ ಕಾರಿನಲ್ಲಿ ದಿನಾ ಅಂಗಡಿ ಮಾಲು ತರುತ್ತಿದ್ದು, ಒಂದು ದಿನ ಅಪಘಾತವಾದರೆ ಕ್ಲೇಮ್ ತಕರಾರಿಗೆ ಬೀಳಬಹುದು. ಸಣ್ಣ ಅಕ್ಷರದಲ್ಲಿರುವ ಆ ಸಾಲುಗಳನ್ನು ಪಾಲಿಸಿ ಮಾಡಿಸುವಾಗ ಏಜೆಂಟರು ಓದಿ ಹೇಳುವುದು ಅಪರೂಪ. ವಾರಕ್ಕೆ ಮೂರು ನಾಲ್ಕು ಸಲ ಮಾಲು ತರುವವರಿಗೆ ಬಾಡಿಗೆ ಗೂಡ್ಸ್ ಆಟೊವೇ ಒಟ್ಟು ಲೆಕ್ಕದಲ್ಲಿ ಅಗ್ಗ.

ಕೆಟ್ಟು ನಿಂತ ಕಾರನ್ನು ಎಳೆಯುವಾಗ

ಟ್ರೈಲರ್ ಎಳೆಯಲು ಬಾರದ ಕಾರೂ ತುರ್ತಿನಲ್ಲಿ ಇನ್ನೊಂದು ಕಾರನ್ನು ಹತ್ತಿರದ ಗ್ಯಾರೇಜಿಗೆ ಎಳೆದುಕೊಂಡು ಹೋಗಬೇಕಾಗಿ ಬರುತ್ತದೆ. ಆಗಲೂ ಎಳೆಯುವ ಕಾರು ಕೆಟ್ಟ ಕಾರಿಗಿಂತ ಹಗುರ ಇರಬಾರದು.

ಸ್ಟೆಪ್ನಿ ಪಕ್ಕದ ಟೂಲ್ಸ್ ಜೊತೆ ಒಂದು ಕಬ್ಬಿಣದ ಬಳೆಯಂಥ ಕೊಕ್ಕೆ ಇರುತ್ತದೆ. ಬಂಪರಿನಲ್ಲಿ ಸಣ್ಣ ಮುಚ್ಚಳ ತೆಗೆದರೆ ಅದನ್ನು ತಿರುಗಿಸಿ ಕೂರಿಸುವ ತೂತು ಕಾಣುತ್ತದೆ. ಪೂರ್ತಿ ಬಿಗಿಯಾಗುವವರೆಗೆ ತಿರುಗಿಸಬೇಕು. ಹಗ್ಗವನ್ನು ಬಂಪರಿಗೆ, ಆಕ್ಸಲ್ಲಿಗೆ ಕಟ್ಟುವುದು ತಪ್ಪು. ಈ ಕೊಕ್ಕೆ ಇರುವುದು ಸಮತಟ್ಟು ರಸ್ತೆಯಲ್ಲಿ ನೇರವಾಗಿ, ನಿಧಾನಕ್ಕೆ ಎಳೆಯಲು. ಗದ್ದೆಗೆ ಇಳಿದ ಕಾರನ್ನು ಟ್ರ್ಯಾಕ್ಟರಿನಿಂದ ಒಂದೇ ಸಲ ಜಗ್ಗಿದರೆ ಕೊಕ್ಕೆಯೇ ಕಿತ್ತು ಬರಬಹುದು. ಕಿತ್ತು ಬಂದ ಕಬ್ಬಿಣ ಗುಂಡಿನ ಹಾಗೆ ಹಾರುತ್ತದೆ. ನೋಡಲು ನಿಂತ ಜನರನ್ನು, ಅದರಲ್ಲೂ ಮಕ್ಕಳನ್ನು, ಹಗ್ಗದ ಉದ್ದಕ್ಕಿಂತ ದೂರ ಕಳಿಸಿ.

ನಿಯಮದ ಪ್ರಕಾರ ಎರಡು ವಾಹನಗಳ ನಡುವಿನ ಅಂತರ 5 ಮೀಟರ್ ದಾಟಬಾರದು. ಹಗ್ಗ ಬೇರೆಯವರಿಗೆ ಎದ್ದು ಕಾಣಬೇಕು. ಒಂದು ಕೆಂಪು ಬಟ್ಟೆ ಕಟ್ಟಿದರೂ ಆಯಿತು. ಹಿಂದಿನ ಕಾರಿನ ಸ್ಟಿಯರಿಂಗ್ ಹಿಡಿಯುವವರಿಗೂ ಲೈಸೆನ್ಸ್ ಇರಬೇಕು, ಆ ಕಾರಿನ ಹಿಂಬದಿಯಲ್ಲಿ ‘ಆನ್ ಟೋ’ ಎಂಬ ಬರಹ ಇರಬೇಕು. ವೇಗ 20 ಕಿ.ಮೀ. ಆಸುಪಾಸಿನಲ್ಲಿದ್ದರೆ ಸಾಕು.

ಹಿಂದಿನ ಕಾರಿನಲ್ಲಿ ಕೂರುವವರಿಗೆ ಒಂದು ಮಾತು ಮೊದಲೇ ಹೇಳಿಡಿ. ಎಂಜಿನ್ ಬಂದ್ ಆಗಿರುವುದರಿಂದ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಪವರ್ ಸ್ಟಿಯರಿಂಗ್ ಕೆಲಸ ಮಾಡುವುದಿಲ್ಲ. ಬ್ರೇಕ್ ಇಲ್ಲವೇ ಇಲ್ಲ ಎಂದು ಗಾಬರಿ ಬೀಳುವುದು ಆಗಲೇ. ಬ್ರೇಕ್ ಇರುತ್ತದೆ, ಎರಡು ಪಟ್ಟು ಬಲ ಹಾಕಿ ಒತ್ತಬೇಕು. ಕೀ ಆನ್ ಇರಲೇಬೇಕು, ಇಲ್ಲದಿದ್ದರೆ ಸ್ಟಿಯರಿಂಗ್ ಲಾಕ್ ಆಗಿಬಿಡುತ್ತದೆ. ಬಟನ್ ಸ್ಟಾರ್ಟ್ ಕಾರಿನ ಬ್ಯಾಟರಿ ಪೂರ್ತಿ ಸತ್ತಿದ್ದರೆ ಲಾಕ್ ಬಿಡದೇ ಇರಬಹುದು. ಅಂಥ ಕಾರನ್ನು ಹಗ್ಗ ಕಟ್ಟಿ ಎಳೆಯುವ ಯೋಚನೆಯೇ ಬೇಡ.

ಆಟೊಮ್ಯಾಟಿಕ್ ಗೇರಿನ ಕಾರು, ನಾಲ್ಕೂ ಚಕ್ರಕ್ಕೆ ಪವರ್ ಇರುವ ಗಾಡಿ, ಎಲೆಕ್ಟ್ರಿಕ್ ಕಾರು: ಈ ಮೂರನ್ನೂ ಹಲಗೆ ಲಾರಿಯ ಮೇಲೆ ಹತ್ತಿಸಿಯೇ ಒಯ್ಯಬೇಕು. ಚಕ್ರ ನೆಲದಲ್ಲಿ ಉರುಳುತ್ತಾ ಹೋದರೆ ಗೇರ್‌ಬಾಕ್ಸ್ ಅಥವಾ ಮೋಟಾರ್ ಹಾಳಾಗಿ, ಉಳಿಸಿದ ಸಾವಿರ ರೂಪಾಯಿಗೆ ಲಕ್ಷದ ಬಿಲ್ ಬರುತ್ತದೆ. ಘಾಟಿ ಇಳಿಜಾರಿನಲ್ಲಂತೂ ಯಾವ ಕಾರನ್ನೂ ಹಗ್ಗದಲ್ಲಿ ಎಳೆಯಬೇಡಿ.

ಕಾರಿನೊಳಗಿನ ಮ್ಯಾಪ್

ಪರದೆಯಲ್ಲಿ ಮ್ಯಾಪ್ ಕಂಡ ಕೂಡಲೇ ಅದು ಕಾರಿನದ್ದೇ ಎಂದಲ್ಲ. ಫೋನಿನ ಕೇಬಲ್ ತೆಗೆದು, ಬ್ಲೂಟೂತ್, ವೈಫೈ ಎರಡನ್ನೂ ಆಫ್ ಮಾಡಿ ನೋಡಿ. ಆಮೇಲೂ ಮ್ಯಾಪ್ ನಡೆಯುತ್ತಿದ್ದರೆ ಅದು ಕಾರಿನದ್ದು. ನಿಂತುಹೋದರೆ ಅದು ಆಂಡ್ರಾಯ್ಡ್ ಆಟೊ ಅಥವಾ ಕಾರ್‌ಪ್ಲೇ ಮೂಲಕ ಬರುತ್ತಿದ್ದ ಫೋನಿನ ಮ್ಯಾಪ್.

ಈ ವ್ಯತ್ಯಾಸ ಘಾಟಿಯಲ್ಲಿ ಗೊತ್ತಾಗುತ್ತದೆ. ನಾವು ಎಲ್ಲಿದ್ದೇವೆ ಎಂದು ಹೇಳುವುದು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು. ನಾಲ್ಕು ಉಪಗ್ರಹಗಳ ಸಿಗ್ನಲ್ ಸಿಕ್ಕರೆ ಸಾಕು, ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ. ಇಂಟರ್‌ನೆಟ್ ಬೇಕಾಗುವುದು ನಕ್ಷೆಯ ಚಿತ್ರ ಇಳಿಸಿಕೊಳ್ಳಲು, ಟ್ರಾಫಿಕ್ ತಿಳಿಯಲು. ಮೆಮೊರಿಯಲ್ಲೇ ನಕ್ಷೆ ಇಟ್ಟುಕೊಂಡಿರುವ ಕಾರು ಟವರ್ ಇಲ್ಲದ ಕಾಡಿನಲ್ಲೂ ದಾರಿ ತೋರಿಸುತ್ತದೆ. ಫೋನಿನ ಮ್ಯಾಪ್ ನಂಬಿದವರು ಮನೆಯ ವೈಫೈನಲ್ಲೇ ಆ ಪ್ರದೇಶದ ಆಫ್‌ಲೈನ್ ಮ್ಯಾಪ್ ಇಳಿಸಿಟ್ಟುಕೊಳ್ಳಬೇಕು. ದಟ್ಟ ಮರ, ಕಡಿದಾದ ಗುಡ್ಡದ ಪಕ್ಕ ಸಿಗ್ನಲ್ ಅಡ್ಡಾದಿಡ್ಡಿಯಾಗಿ ಬಾಣದ ಗುರುತು ಪಕ್ಕದ ರಸ್ತೆಗೆ ಜಿಗಿಯುವುದೂ ಇದೆ.

ಕಾರಿನ ಮ್ಯಾಪ್‌ಗೆ ಇರುವ ದೊಡ್ಡ ದೋಷವೆಂದರೆ ಅದು ಹಳತಾಗುತ್ತದೆ. ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆ ಉದ್ಘಾಟನೆಯಾಗಿದ್ದು 2025ರ ಜುಲೈ 14ರಂದು. ಅದಕ್ಕೂ ಮುಂಚಿನ ನಕ್ಷೆ ಇರುವ ಕಾರಿಗೆ ಆ ಸೇತುವೆ ಗೊತ್ತೇ ಇಲ್ಲ. ಅದು ನಿಮ್ಮನ್ನು ಲಾಂಚಿಗೆ ಕಳಿಸುತ್ತದೆ, ಇಲ್ಲವೇ ಹಿನ್ನೀರು ಸುತ್ತಿಸುತ್ತದೆ. ‘ಫೆರಿ ತಪ್ಪಿಸು’ ಎಂಬ ಆಯ್ಕೆ ಆನ್ ಇದ್ದರಂತೂ ಸುತ್ತು ಖಚಿತ. ಸೆಟ್ಟಿಂಗ್ಸ್‌ನಲ್ಲಿ ಮ್ಯಾಪ್ ಆವೃತ್ತಿಯ ವರ್ಷ ನೋಡಿ. ಸರ್ವೀಸಿಗೆ ಬಿಟ್ಟಾಗ ಅಪ್‌ಡೇಟ್ ಮಾಡಿಕೊಡಲು ಕೇಳಿ, ಅದಕ್ಕೆ ದುಡ್ಡು ಎಷ್ಟು ಎಂದೂ ಮೊದಲೇ ಕೇಳಿ.

ಇದ್ದ ಸೇತುವೆ ಕಾಣದಿದ್ದರೆ ಪೆಟ್ರೋಲ್ ನಷ್ಟ, ಅಷ್ಟೇ. ಇಲ್ಲದ ಸೇತುವೆ ಇದೆ ಎಂದು ತೋರಿಸಿದರೆ ಜೀವ ಹೋಗುತ್ತದೆ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ಅರ್ಧಕ್ಕೆ ನಿಂತಿದ್ದ ಸೇತುವೆಯಿಂದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಫೋನಿನ ಮ್ಯಾಪ್ ತೋರಿಸಿದ ದಾರಿಯಲ್ಲಿ ಹೋಗುತ್ತಿದ್ದರು ಎಂದು ಆಗ ವರದಿಯಾಗಿತ್ತು. ರಾತ್ರಿ, ಮಳೆ, ಗುರುತಿಲ್ಲದ ರಸ್ತೆ ಮೂರೂ ಒಟ್ಟಿಗೆ ಬಂದರೆ ಗಾಡಿ ನಿಲ್ಲಿಸಿ ಊರವರನ್ನು ಕೇಳುವುದೇ ಸರಿ.

ಸಮಯದ ನಿರ್ಬಂಧಗಳನ್ನೂ ಹಳೇ ಮ್ಯಾಪ್ ಹೇಳುವುದಿಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರ ಮೂಲಕ ಊಟಿ, ಸುಲ್ತಾನ್ ಬತ್ತೇರಿ ಕಡೆ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಮಳೆಗಾಲದಲ್ಲಿ ಘಾಟಿಗಳಿಗೆ ಜಿಲ್ಲಾಧಿಕಾರಿಗಳು ಹೊರಡಿಸುವ ಆದೇಶವೂ ಅಷ್ಟೇ.

ವಿಳಾಸ ಹುಡುಕುವಾಗ ಕಾಗುಣಿತ ಕಾಡುತ್ತದೆ. 2014ರ ನವೆಂಬರ್ 1ರಿಂದ ಶಿವಮೊಗ್ಗ ಅಧಿಕೃತ ಹೆಸರಾದರೂ ಹಳೇ ನಕ್ಷೆಯಲ್ಲಿ ಶಿಮೊಗ ಎಂದೇ ಇರಬಹುದು. ಹೊಸಹಳ್ಳಿ, ಹೊಸೂರು ಅನ್ನುವ ಊರುಗಳಂತೂ ಎಲ್ಲ ತಾಲ್ಲೂಕಿನಲ್ಲೂ ಇವೆ. ಊರಿನ ಹೆಸರಿನ ಜೊತೆ ಪಿನ್‌ಕೋಡ್ ಹಾಕಿ ನೋಡಿ: ಸಾಗರ 577401, ತೀರ್ಥಹಳ್ಳಿ 577432. ಅಂಗಡಿಯವರು ತಮ್ಮ ಅಂಗಡಿ ಎದುರೇ ನಿಂತು ಲೊಕೇಶನ್ ತೆಗೆದು ಕಾರ್ಡಿನಲ್ಲಿ, ಬಿಲ್ ಪುಸ್ತಕದಲ್ಲಿ ಅಚ್ಚು ಹಾಕಿಸಿದರೆ ಹೊರಗಿನ ಗಿರಾಕಿಗೂ, ಮಾಲಿನ ಲಾರಿಯವನಿಗೂ ಅನುಕೂಲ.

ಜಾಗದ ಹೆಸರು ಒತ್ತುವುದೇನಿದ್ದರೂ ಹೊರಡುವ ಮುಂಚೆ. ಫೋನನ್ನು ದಾರಿ ನೋಡಲು ಮಾತ್ರ, ಗಮನ ಕೆಡದ ರೀತಿಯಲ್ಲಿ ಬಳಸಬಹುದು ಎಂದು 2020ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿ ಹೇಳುತ್ತದೆ. ಒಂದು ಕೈಯಲ್ಲಿ ಫೋನ್ ಹಿಡಿದು ಹುಡುಕುತ್ತಾ ಓಡಿಸುವುದು ಇದರಲ್ಲಿ ಬರುವುದಿಲ್ಲ.

ಘಾಟಿಯಲ್ಲಿ ಗಾಡಿ ಕೆಟ್ಟು ನಿಂತಾಗ ಕಾರಿನ ಮ್ಯಾಪ್ ಇನ್ನೊಂದು ಕೆಲಸಕ್ಕೆ ಬರುತ್ತದೆ. ಹಲವು ಕಾರುಗಳಲ್ಲಿ ‘ಈಗಿರುವ ಸ್ಥಳ’ ಒತ್ತಿದರೆ ಅಕ್ಷಾಂಶ, ರೇಖಾಂಶದ ಅಂಕಿಗಳು ಕಾಣುತ್ತವೆ. ಆಗುಂಬೆ ಆಸುಪಾಸಿನಲ್ಲಿ ಸುಮಾರು 13.5 ಉತ್ತರ, 75.1 ಪೂರ್ವದ ಅಂಕಿಗಳವು. ಪಾಯಿಂಟ್ ನಂತರದ ನಾಲ್ಕೈದು ಅಂಕಿಯವರೆಗೂ ಬರೆದುಕೊಳ್ಳಿ. 112ಕ್ಕೆ, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಕರೆ ಮಾಡಿ ಅದನ್ನು ಓದಿ ಹೇಳಬಹುದು. ನೆಟ್‌ವರ್ಕ್ ಇಲ್ಲವೇ, ಚೀಟಿಯಲ್ಲಿ ಬರೆದು, ಪಕ್ಕದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ ಸೇರಿಸಿ, ಮುಂದಿನ ಊರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡಿ.