ಕರ್ನಾಟಕದ ಕ್ರಿಕೆಟ್ ತಂಡವೂ ರಾಯಚೂರು ಸೀಮೆಯ ಅಭಿಮಾನವೂ

ಶ್ರೀಮಠದ ಮಹೋತ್ಸವದ ಈ ಸ್ಮರಣ ಸಂಪುಟದಲ್ಲಿ ಶಾಸನಗಳ, ದೇವಾಲಯಗಳ, ಪಾಠಶಾಲೆಗಳ ವಿಚಾರವಾಗಿ ಬಲ್ಲವರು ಬರೆದಿರುವಾಗ, ಪಾಠಶಾಲೆಯ ವ್ಯಾಕರಣ ತರ್ಕಗಳಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥವನು ಚೆಂಡುದಾಂಡಿನ ಆಟವೊಂದರ ಚರಿತ್ರೆಯನ್ನು ಬರೆಯಲು ಹೊರಟಿರುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಒಂದು ಸೀಮೆಯ ಜನರು ಯಾವುದನ್ನು ‘ನಮ್ಮದು’ ಎಂದು ಕರೆದರು, ಯಾವಾಗಿನಿಂದ ಹಾಗೆ ಕರೆಯತೊಡಗಿದರು ಎಂಬುದೂ ಇತಿಹಾಸದ ವಿಷಯವೇ ಆಗಿರುವುದು. ಶಾಸನದಲ್ಲಿ ಕೆತ್ತಲ್ಪಡದ ಇಂಥ ಸಂಗತಿಗಳು ಹಿರಿಯರ ಬಾಯಿಯೊಡನೆಯೇ ಅಳಿದುಹೋಗುವುವು. ಹಾಗೆ ಅಳಿಯುವುದಕ್ಕೆ ಮೊದಲು ಒಂದನ್ನಾದರೂ ಬರೆದಿಡಬೇಕೆಂಬುದೇ ಈ ಲೇಖನದ ಉದ್ದೇಶವು.

ನಮ್ಮ ರಾಯಚೂರು, ದೇವದುರ್ಗ, ಮಾನವಿ ಪ್ರಾಂತವು ಬಹುಕಾಲ ಹೈದರಾಬಾದಿನ ನಿಜಾಮರ ಸಂಸ್ಥಾನದಲ್ಲಿದ್ದಿತೆಂಬುದನ್ನು ವಾಚಕರು ಬಲ್ಲರು. ಆ ಸಂಸ್ಥಾನವು 1948ನೆಯ ಇಸವಿಯ ಸೆಪ್ಟೆಂಬರ ತಿಂಗಳಲ್ಲಿ ಭಾರತದೊಳಗೆ ಸೇರಿತು. 1956ನೆಯ ಇಸವಿ ನವೆಂಬರ 1ನೆಯ ತಾರೀಖಿನಂದು ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡ ಜನರು ಮಿಕ್ಕ ಕನ್ನಡಿಗರೊಡನೆ ಒಂದಾದರು. ಆದರೆ ಒಂದಾದ ನಾಡಿಗೆ ಇದ್ದ ಹೆಸರು ‘ಮೈಸೂರು’ ಎಂಬುದು. ಹದಿನೇಳು ವರ್ಷಗಳ ತರುವಾಯ, 1973ನೆಯ ಇಸವಿಯ ನವೆಂಬರ 1ರಂದು, ಅದು ‘ಕರ್ನಾಟಕ’ವೆಂಬ ನಾಮವನ್ನು ಧರಿಸಿತು. ಈ ಹದಿನೇಳು ವರ್ಷಗಳಲ್ಲಿ ನಮ್ಮ ಭಾಗದವರ ಮನಸ್ಸು ಹೇಗಿದ್ದಿತೆಂಬುದನ್ನು ಆಟದ ಮಾತಿನಿಂದಲೇ ತಿಳಿಯಬಹುದಾಗಿದೆ.

ನಮ್ಮ ತೀರ್ಥರೂಪರು ಮಾನವಿಯ ಕಡೆ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ರಜೆಯ ದಿನಗಳಲ್ಲಿ ಅವರು ದೇವದುರ್ಗದ ನಮ್ಮ ಹಿರಿಯರ ಮನೆಗೆ ಬರುತ್ತಿದ್ದರು. ಆ ಮನೆಯ ಕಟ್ಟೆಯ ಮೇಲೆ ಸಂಜೆಗೆ ನಾಲ್ಕಾರು ಜನ ಕೂಡುವರು. ರಾಯಚೂರಿನ ಬಸ್ಸಿನಲ್ಲಿ ಮಧ್ಯಾಹ್ನಕ್ಕೆ ಬರುವ ಪತ್ರಿಕೆಯನ್ನು ಒಬ್ಬರು ಓದುವರು, ಉಳಿದವರು ಕೇಳುವರು. ಆ ಗುಂಪಿನಲ್ಲಿ ಅಡತಿ ವ್ಯಾಪಾರದ ಒಬ್ಬ ವೃದ್ಧರಿದ್ದರು. ಅವರು ಎಳೆಯರಾಗಿದ್ದಾಗ ಹೈದರಾಬಾದಿನಲ್ಲಿ ಓದಿದವರು. 1937-38ರಲ್ಲಿ ಹೈದರಾಬಾದಿನ ತಂಡವು ನವಾನಗರದ ತಂಡವನ್ನು ಒಂದೇ ಒಂದು ವಿಕೆಟ್ ಉಳಿದಿರುವಾಗ ಸೋಲಿಸಿ ರಣಜಿ ಪಾರಿತೋಷಕವನ್ನು ಗೆದ್ದುದನ್ನು ಅವರು ಕಣ್ಣೆದುರು ನಡೆದಂತೆ ಬಣ್ಣಿಸುತ್ತಿದ್ದರಂತೆ. ಅವರಿಗೆ ಹೈದರಾಬಾದಿನವರು ‘ನಮ್ಮವರು’. ಬೆಂಗಳೂರಿನಿಂದ ಆಡುವವರು ‘ಮೈಸೂರಿನವರು’. “ಯಜಮಾನರೇ, ನಾವೀಗ ಆ ರಾಜ್ಯದಲ್ಲೇ ಇದ್ದೇವಲ್ಲ!” ಎಂದು ನಮ್ಮ ತಂದೆಯವರು ಕೇಳಿದರೆ, “ಹೌದು ಮಾಸ್ತರೇ, ಕಾಗದದ ಮೇಲೆ ಇದ್ದೇವೆ. ಹೆಸರು ನಮ್ಮದಾಗಲಿ, ಆಮೇಲೆ ನೋಡೋಣ” ಎಂದು ಅವರು ನಗುತ್ತಿದ್ದರಂತೆ. ನಗೆಯ ಮಾತಾದರೂ ಅದರಲ್ಲಿ ನೋವಿದ್ದಿತು.

ಇನ್ನು ಆ ‘ಮೈಸೂರಿನವರ’ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ. ರಣಜಿ ಪಾರಿತೋಷಕದ ಪಂದ್ಯಗಳು ಆರಂಭವಾದುದು 1934ನೆಯ ಇಸವಿಯಲ್ಲಿ. ನವೆಂಬರ 4ನೆಯ ತಾರೀಖು ಮದರಾಸಿನ ಚೇಪಾಕಿನ ಬಯಲಿನಲ್ಲಿ ನಡೆದ ಮೊಟ್ಟಮೊದಲಿನ ಪಂದ್ಯದಲ್ಲಿ ಆಡಿದವರು ಮದರಾಸಿನವರೂ ಮೈಸೂರಿನವರೂ. ಮೈಸೂರಿನವರು ಮೊದಲ ಸರದಿಯಲ್ಲಿ 48 ಓಟಗಳಿಗೂ ಎರಡನೆಯ ಸರದಿಯಲ್ಲಿ 59 ಓಟಗಳಿಗೂ ಮುಗಿದರು. ಮದರಾಸಿನವರ 130 ಓಟಗಳೇ ಎರಡಕ್ಕೂ ಮಿಗಿಲಾದುವು. ದಿನಗಟ್ಟಲೆ ನಡೆಯಬೇಕಾದ ಆಟವು ಅದೇ ದಿನ ಸೂರ್ಯಾಸ್ತದೊಳಗೆ ಮುಗಿದುಹೋಯಿತು. ಇದಕ್ಕಿಂತ ಹೀನವಾದ ಆರಂಭವು ಯಾವ ತಂಡಕ್ಕೆ ತಾನೇ ದೊರೆತೀತು? ಮುಂದೆ 1941-42ರಲ್ಲಿಯೂ 1959-60ರಲ್ಲಿಯೂ ಮೈಸೂರು ಅಂತಿಮ ಪಂದ್ಯದವರೆಗೆ ಬಂದಿತು. ಎರಡು ಸಲವೂ ಮುಂಬಯಿಯೆದುರು ಸೋತಿತು.

ಮುಂಬಯಿಯ ಪ್ರಾಬಲ್ಯವನ್ನು ತಿಳಿಯದವರಿಗೆ ಮುಂದಿನ ಕಥೆಯ ರುಚಿಯು ತಿಳಿಯದು. 1958-59ರಿಂದ ಮೊದಲುಗೊಂಡು 1972-73ರವರೆಗೆ ಹದಿನೈದು ವರ್ಷಗಳು ಎಡೆಬಿಡದೆ ಆ ಪಾರಿತೋಷಕವು ಮುಂಬಯಿಯವರಲ್ಲಿಯೇ ಇದ್ದಿತು. ಆ ಹದಿನೈದು ವರ್ಷಗಳೊಳಗೆ ಹುಟ್ಟಿದ ಮಗುವು ಶಾಲೆಗೆ ಹೋಗಿ ಮೀಸೆ ಮೂಡುವ ವಯಸ್ಸಿಗೆ ಬಂದರೂ ಬೇರೆ ತಂಡವು ಗೆದ್ದುದನ್ನು ಕಂಡಿರಲಿಲ್ಲ. ಹೀಗಿರುವಾಗ 1973-74ರ ವರ್ಷವು ಬಂದಿತು. ರಾಜ್ಯದ ಹೆಸರಿನೊಡನೆ ತಂಡದ ಹೆಸರೂ ಬದಲಾಗಿ, ‘ಕರ್ನಾಟಕ’ವೆಂಬ ಹೆಸರಿನಿಂದ ಆ ತಂಡವು ಆಡಿದ ಮೊದಲನೆಯ ವರ್ಷವೇ ಅದು.

ಆ ತಂಡದ ಮುಖ್ಯರನ್ನು ಇಲ್ಲಿ ಸ್ಮರಿಸುವುದು ಉಚಿತವಾಗಿದೆ. ನಾಯಕರು ಎರಪಳ್ಳಿ ಪ್ರಸನ್ನರು. ಇವರು 1962ರಲ್ಲಿಯೇ ಭಾರತದ ಪರವಾಗಿ ಆಡಿ, ವೆಸ್ಟ್ ಇಂಡೀಸಿಗೂ ಹೋಗಿಬಂದವರು. ಆದರೆ ಆ ಬಳಿಕ ಇಂಜಿನಿಯರಿಂಗ್ ವ್ಯಾಸಂಗವನ್ನು ಪೂರೈಸುವ ಸಲುವಾಗಿ ಐದು ವರ್ಷಗಳ ಕಾಲ ದೊಡ್ಡ ಪಂದ್ಯಗಳಿಂದ ದೂರವಿದ್ದು, 1967ರಲ್ಲಿ ಮರಳಿ ಭಾರತದ ತಂಡವನ್ನು ಸೇರಿದರು. ಕೀರ್ತಿಯು ಬಾಗಿಲಿಗೆ ಬಂದು ನಿಂತಿರುವಾಗ ವಿದ್ಯೆಗೋಸ್ಕರ ಅದನ್ನು ಕಾಯಿಸಿದವರು ಎಷ್ಟು ಮಂದಿ? ನಮ್ಮ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಮನನ ಮಾಡತಕ್ಕದ್ದು.

ಎರಡನೆಯವರು ಭಾಗವತ ಚಂದ್ರಶೇಖರರು. ಎಳವೆಯಲ್ಲಿಯೇ ಪೋಲಿಯೋ ರೋಗದಿಂದ ಇವರ ಬಲದೋಳು ಕೃಶವಾಯಿತು. ಜಗತ್ತು ಯಾವ ತೋಳನ್ನು ಕೆಲಸಕ್ಕೆ ಬಾರದೆಂದು ಎಣಿಸಿದ್ದೀತೋ, ಆ ತೋಳಿನಿಂದಲೇ ಇವರು ಚೆಂಡನ್ನು ಎಸೆಯುತ್ತಿದ್ದರು. 1971ರಲ್ಲಿ ಲಂಡನ್ನಿನ ಓವಲ್ ಬಯಲಿನಲ್ಲಿ 38 ಓಟಗಳನ್ನು ಮಾತ್ರ ಕೊಟ್ಟು ಆರು ಜನರನ್ನು ಉರುಳಿಸಿ, ಇಂಗ್ಲಂಡದ ನೆಲದಲ್ಲಿ ಭಾರತಕ್ಕೆ ಮೊದಲನೆಯ ಜಯವನ್ನು ತಂದುದು ಆ ತೋಳೇ. ಮೂರನೆಯವರು ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು. ಕುಳ್ಳಗಿನ ಆಳು, ಮೃದು ಮಾತಿನವರು. 1969ರಲ್ಲಿ ಕಾನಪುರದಲ್ಲಿ ಆಸ್ಟ್ರೇಲಿಯದೆದುರು ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾಗಿ, ಎರಡನೆಯ ಸರದಿಯಲ್ಲಿ 137 ಓಟಗಳನ್ನು ಗಳಿಸಿದವರು. ಇವರೊಡನೆ ಬ್ರಿಜೇಶ ಪಟೇಲರು, ವಿಕೆಟ್ ಕೀಪರರಾದ ಸೈಯದ್ ಕಿರ್ಮಾಣಿಯವರು, ವಿಜಯಕೃಷ್ಣ, ಸುಧಾಕರರಾವ್, ಎ. ವಿ. ಜಯಪ್ರಕಾಶ ಮೊದಲಾದವರಿದ್ದರು. ಜಾತಿಮತಗಳ ಭೇದವಿಲ್ಲದೆ, ಬೇರೆ ಬೇರೆ ಊರುಗಳಲ್ಲಿ ಹುಟ್ಟಿದವರು ಒಂದೇ ಹೆಸರಿನ ಕೆಳಗೆ ಕೂಡಿದ ಗುಂಪು ಅದಾಗಿದ್ದಿತು.

ಮುಂಬಯಿಯವರು ಉಪಾಂತ್ಯ ಪಂದ್ಯಕ್ಕಾಗಿ ಬೆಂಗಳೂರಿಗೆ ಬಂದರು. ಅವರ ನಾಯಕರು ಅಜಿತ ವಾಡೇಕರರು. 1971ರಲ್ಲಿ ಇಂಗ್ಲಂಡದಲ್ಲಿ ಗೆದ್ದ ಭಾರತ ತಂಡದ ನಾಯಕರೂ ಅವರೇ. ಸುನೀಲ ಗವಾಸ್ಕರರೂ ಆ ತಂಡದಲ್ಲಿದ್ದರು. ಇಂಥ ಪಂದ್ಯವು ಪೂರ್ಣವಾಗಿ ಇತ್ಯರ್ಥವಾಗದಿದ್ದರೆ, ಮೊದಲನೆಯ ಸರದಿಯಲ್ಲಿ ಯಾರು ಮುಂದಿರುವರೋ ಅವರೇ ಗೆದ್ದಂತೆ ಎಂಬ ನಿಯಮವಿರುವುದು. ಆದುದರಿಂದ ಮೊದಲ ಸರದಿಯ ಒಂದೊಂದು ಓಟಕ್ಕೂ ಬಂಗಾರದ ಬೆಲೆ. ಕರ್ನಾಟಕದವರು ಮೊದಲು ಆಡಿ 385 ಓಟಗಳನ್ನು ಕೂಡಿಸಿದರು. ಅದರಲ್ಲಿ ವಿಶ್ವನಾಥರದು 162, ಬ್ರಿಜೇಶ ಪಟೇಲರದು 106.

ಆದರೂ ದೇವದುರ್ಗದ ಕಟ್ಟೆಯ ಮೇಲೆ ಯಾರಿಗೂ ಧೈರ್ಯವಿರಲಿಲ್ಲವಂತೆ. “ಮುಂಬಯಿಯವರಿಗೆ 385 ಎಷ್ಟರದು?” ಎಂಬುದೇ ಎಲ್ಲರ ಮಾತು. ಮರುದಿನದ ಪತ್ರಿಕೆಯು ಬರುವವರೆಗೆ ತಾಳಲಾರದೆ, ಪೇಟೆಯ ಅಂಗಡಿಯೊಂದರ ರೇಡಿಯೋ ಮುಂದೆ ವಾರ್ತೆಯ ಹೊತ್ತಿಗೆ ಜನರು ನಿಲ್ಲುತ್ತಿದ್ದರೆಂದು ತಂದೆಯವರು ಹೇಳುತ್ತಿದ್ದರು. ಗವಾಸ್ಕರರ ದಾಂಡನ್ನು ವಂಚಿಸಿ ಪ್ರಸನ್ನರ ಚೆಂಡು ವಿಕೆಟ್ಟಿಗೆ ಬಡಿಯಿತು. ವಾಡೇಕರರು ಸ್ಥಿರವಾಗಿ ನಿಂತು ಆಡುತ್ತಿದ್ದಾಗ, ಓಟಕ್ಕೆ ಹೊರಳುವಲ್ಲಿ ಕಾಲು ಜಾರಿ ರನ್ ಔಟ್ ಆದರು. ಮುಂಬಯಿಯ ಸರದಿಯು 307 ಓಟಗಳಿಗೆ ಮುಗಿಯಿತು. 78 ಓಟಗಳ ಮುನ್ನಡೆಯಿಂದ ಕರ್ನಾಟಕವು ಗೆದ್ದಿತು. ಹದಿನೈದು ವರ್ಷಗಳ ಕೋಟೆಯು ಬಿದ್ದಿತು. ತದನಂತರ ಜಯಪುರದಲ್ಲಿ ರಾಜಸ್ಥಾನದೊಡನೆ ಅಂತಿಮ ಪಂದ್ಯವು ನಡೆಯಿತು. ಕರ್ನಾಟಕದವರು 276 ಮತ್ತು 240, ರಾಜಸ್ಥಾನದವರು 177 ಮತ್ತು 154. ಹೀಗೆ 185 ಓಟಗಳ ಅಂತರದಿಂದ ಪಾರಿತೋಷಕವು ಮೊದಲನೆಯ ಸಲ ಕನ್ನಡ ನಾಡಿಗೆ ಬಂದಿತು. ಚೇಪಾಕಿನ ಆ ಒಂದು ದಿನದ ಸೋಲಿನಿಂದ ಈ ಜಯದವರೆಗೆ ನಾಲ್ವತ್ತು ವರ್ಷಗಳು ಹಿಡಿದಿದ್ದುವು.

ಆ ಸುದ್ದಿಯು ಬಂದ ಸಂಜೆ ಅಡತಿಯ ಆ ವೃದ್ಧರು ಕಟ್ಟೆಗೆ ತಡವಾಗಿ ಬಂದರಂತೆ. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು. ಅವರು ರುಮಾಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಸ್ತರೇ, ನಮ್ಮವರು ಗೆದ್ದರಂತಲ್ಲ!” ಎಂದರು. ‘ನಮ್ಮವರು’ ಎಂಬ ಆ ಒಂದು ಮಾತನ್ನು ಹೇಳುವಾಗ ನಮ್ಮ ತಂದೆಯವರ ಕಂಠವು ಪ್ರತಿ ಸಲವೂ ಬಿಗಿಯುತ್ತಿದ್ದಿತು. 1956ರ ಕಾನೂನು ಮಾಡಲಾರದುದನ್ನು, ಒಂದು ಹೆಸರೂ ಒಂದು ಆಟವೂ ಸೇರಿ ಆ ವೃದ್ಧರ ಮನಸ್ಸಿನಲ್ಲಿ ಮಾಡಿದುವು.

ಗೆಲವಿನ ಮಾತನ್ನು ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುವುದು. ಮರುವರ್ಷವೇ, 1974-75ರಲ್ಲಿ, ಅಂತಿಮ ಪಂದ್ಯದಲ್ಲಿ ಅದೇ ಮುಂಬಯಿಯವರು ಕರ್ನಾಟಕವನ್ನು ಸೋಲಿಸಿ ಪಾರಿತೋಷಕವನ್ನು ಮರಳಿ ಒಯ್ದರು. ಕಟ್ಟೆಯ ಮೇಲಿನ ಕೆಲವರು ಆಟಗಾರರನ್ನು ಹಳಿಯತೊಡಗಿದಾಗ, ಅದೇ ವೃದ್ಧರು, “ಗೆದ್ದಾಗ ನಮ್ಮವರು, ಸೋತಾಗ ಮೈಸೂರಿನವರೋ?” ಎಂದು ಗದರಿಸಿದರಂತೆ. ಅಭಿಮಾನದ ಪರೀಕ್ಷೆಯು ಸೋಲಿನಲ್ಲಿಯೇ ಆಗತಕ್ಕದ್ದೆಂಬುದನ್ನು ಅವರು ಯಾವ ಗ್ರಂಥವನ್ನೂ ಓದದೆ ಬಲ್ಲವರಾಗಿದ್ದರು. ಮುಂದೆ 1977-78ರಲ್ಲಿಯೂ 1982-83ರಲ್ಲಿಯೂ ಪಾರಿತೋಷಕವು ಮರಳಿತು. 2014-15ರ ವೇಳೆಗೆ ಒಟ್ಟು ಎಂಟು ಸಲ ಅದು ಕರ್ನಾಟಕದ್ದಾಗಿದ್ದಿತು.

ಈಗ ಭಕ್ತಮಹಾಶಯರಲ್ಲಿ ಒಂದು ವಿಜ್ಞಾಪನೆಯುಂಟು. ನಾನು ಮೇಲೆ ಹೆಸರಿಸಿದ 1974ರ ಆಟಗಾರರಲ್ಲಿ ನಮ್ಮ ರಾಯಚೂರು ಸೀಮೆಯವರು ಒಬ್ಬರೂ ಇಲ್ಲ. ಈ ಸಂಗತಿಯನ್ನು ಮರೆಮಾಚುವುದು ಇತಿಹಾಸಕಾರನಿಗೆ ತಕ್ಕುದಲ್ಲ. ನಾವು ಹೆಸರಿನ ಪಾಲನ್ನು ಪಡೆದೆವು. ಆಟದ ಪಾಲನ್ನು ಪಡೆದಿರಲಿಲ್ಲ. ಇದಕ್ಕೆ ನಮ್ಮ ಹುಡುಗರಲ್ಲಿ ಬಲವಿಲ್ಲದುದು ಕಾರಣವೇ? ನಮ್ಮ ಗರಡಿಮನೆಗಳನ್ನೂ ಜಾತ್ರೆಯ ಕುಸ್ತಿಗಳನ್ನೂ, ಕಲ್ಲುಗುಂಡನ್ನೆತ್ತುವ ತರುಣರನ್ನೂ ನೋಡಿದವರು ಹಾಗೆನ್ನಲಾರರು. ಬಲವುಂಟು, ಅದನ್ನು ತಿದ್ದುವ ಗುರುವೂ, ನಿಂತು ಆಡುವ ಬಯಲೂ, ದೂರದೂರಿಗೆ ಹೋಗಿಬರುವ ಸೌಕರ್ಯವೂ ಬೇಕು.

ಅನ್ಯ ಊರುಗಳು ಈ ದಾರಿಯನ್ನು ತೋರಿಸಿಕೊಟ್ಟಿರುವುವು. ಗದುಗಿನ ಸುನೀಲ ಜೋಶಿಯವರು ಬಾಲ್ಯದಲ್ಲಿ ಅಭ್ಯಾಸಕ್ಕಾಗಿ ನಸುಕಿನಲ್ಲೆದ್ದು ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. ಅವರು 1996ರಲ್ಲಿ ಭಾರತದ ತಂಡವನ್ನು ಸೇರಿದರು. ದಾವಣಗೆರೆಯ ವಿನಯಕುಮಾರರು 2013-14ರಲ್ಲಿಯೂ 2014-15ರಲ್ಲಿಯೂ ಕರ್ನಾಟಕದ ನಾಯಕರಾಗಿ ಪಾರಿತೋಷಕವನ್ನು ಎತ್ತಿದರು. ಗದುಗು ಬಂದಿತು, ದಾವಣಗೆರೆ ಬಂದಿತು. ದೇವದುರ್ಗ ಮಾನವಿಗಳು ಬರಬಾರದೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ? ರಾಜ್ಯದ ಕ್ರಿಕೆಟ್ ಸಂಸ್ಥೆಯು ರಾಯಚೂರಿನ ಹೆಸರಿನಲ್ಲಿಯೇ ಒಂದು ವಲಯವನ್ನು ಏರ್ಪಡಿಸಿರುವುದರಿಂದ ಬಾಗಿಲು ಮುಚ್ಚಿಲ್ಲ. ಬಾಗಿಲವರೆಗೆ ನಮ್ಮ ಮಕ್ಕಳನ್ನು ಕರೆದೊಯ್ಯುವ ಕೆಲಸವು ನಮ್ಮದಾಗಿದೆ.

ಮಠಗಳು ಅನ್ನವನ್ನೂ ಅಕ್ಷರವನ್ನೂ ಕೊಟ್ಟು ಹಳ್ಳಿಯ ಹುಡುಗರನ್ನು ಮುಂದೆ ತಂದಿರುವುದು ಎಲ್ಲರೂ ಬಲ್ಲ ವಿಷಯವು. ಶ್ರೀಮಠದ ವಿದ್ಯಾರ್ಥಿನಿಲಯದ ಹಿಂಬದಿಯ ಬಯಲಿನಲ್ಲಿ ಸಂಜೆಯ ಪ್ರಾರ್ಥನೆಯ ಗಂಟೆ ಬಾರಿಸುವವರೆಗೂ ಹುಡುಗರು ಆಡುತ್ತಿರುತ್ತಾರೆ. ಗಂಟೆಯು ಕೇಳಿಸಿದರೂ ಇನ್ನೊಂದು ಚೆಂಡನ್ನು ಎಸೆದೇ ಬರುತ್ತಾರೆ. ಮೊದಮೊದಲು ನಾನೂ ಅವರನ್ನು ಗದರಿಸಿದವನೇ. ಪಾಣಿನಿಯ ಸೂತ್ರವನ್ನು ಮರೆತು ಬಂದ ಹುಡುಗನ ಮೇಲೆ ಸಿಟ್ಟು ಬರುವುದು ಸಹಜ. ಆದರೆ ವಿದ್ಯೆಯನ್ನೂ ಆಟವನ್ನೂ ಒಂದೇ ಬಾಳಿನಲ್ಲಿ ಸಾಧಿಸಿದ ಪ್ರಸನ್ನರನ್ನೂ, ಕುಂದಿದ ತೋಳನ್ನೇ ಆಯುಧವಾಗಿ ಮಾಡಿಕೊಂಡ ಚಂದ್ರಶೇಖರರನ್ನೂ ನೆನೆದಾಗ ನನ್ನ ಗದರಿಕೆಯು ತಾನಾಗಿ ಮೆತ್ತಗಾಗುವುದು. ಈಗ ಆ ಒಂದು ಚೆಂಡಿನ ಮಟ್ಟಿಗೆ ನಾನು ಕಾಯುತ್ತೇನೆ.

ನಮ್ಮ ತಂದೆಯವರೂ ಆ ವೃದ್ಧರೂ ಇಂದು ಲಿಂಗೈಕ್ಯರಾಗಿದ್ದಾರೆ. ಕಟ್ಟೆಯೂ ಮೊದಲಿನಂತೆ ಉಳಿದಿಲ್ಲ. ಆದರೆ ಆ ‘ನಮ್ಮವರು’ ಎಂಬ ಮಾತು ಉಳಿದಿದೆ. ಅದನ್ನು ಅಂದಿನವರು ದೂರದಲ್ಲಿ ನಿಂತು ನುಡಿದರು. ಮುಂದೊಂದು ದಿನ ಮಾನವಿಯ ಅಥವಾ ದೇವದುರ್ಗದ ಹುಡುಗನೊಬ್ಬನು ಆ ತಂಡದೊಳಗೆ ನಿಂತಿರುವಾಗ ನಮ್ಮ ಜನರು ಅದನ್ನು ಮತ್ತೊಮ್ಮೆ ನುಡಿಯುವಂತಾಗಲಿ. ಚೇಪಾಕಿನಿಂದ ಜಯಪುರಕ್ಕೆ ನಾಲ್ವತ್ತು ವರ್ಷಗಳು ಬೇಕಾದುವು. ನಮಗೂ ಅಷ್ಟೇ ಬೇಕಾಗಬಹುದು. ಆದರೆ ಬಯಲನ್ನು ಸಮಮಾಡುವ ಕೆಲಸವನ್ನು ಈ ಮಹೋತ್ಸವದ ವರ್ಷದಲ್ಲಿಯೇ ಆರಂಭಿಸಬಹುದೆಂದು ಸದ್ಭಕ್ತರಲ್ಲಿ ಅರಿಕೆ ಮಾಡಿಕೊಂಡು ಈ ಅಲ್ಪ ಲೇಖನವನ್ನು ಮುಗಿಸುತ್ತೇನೆ.